ಕೆಲಸ ಬಿಡದೆ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆಯುವ ಬಗೆ

ಕೆಲಸದಲ್ಲಿದ್ದುಕೊಂಡೇ ಕಂಪ್ಯೂಟರ್ ವಿಜ್ಞಾನ ಓದಲು ಬಯಸುವವರು, ತಮಗೆ ಅಡ್ಡಿಯಾಗಿರುವುದು ಪದವಿಯ ಕೊರತೆಯೋ ಕೌಶಲದ ಕೊರತೆಯೋ ಎಂಬುದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳಬೇಕು. ಪ್ರೋಗ್ರಾಮಿಂಗ್ ಕಲಿತರಷ್ಟೇ ಸಾಕೆನ್ನುವವರಿಗೆ ವರ್ಷಗಟ್ಟಲೆ ಶುಲ್ಕ ಕಟ್ಟುವ ಅಗತ್ಯವಿಲ್ಲ. ಪದವಿ ಪ್ರಮಾಣಪತ್ರವಿಲ್ಲದೆ ಅರ್ಜಿಯೇ ತಿರಸ್ಕೃತವಾಗುತ್ತಿದ್ದರೆ ಮಾತ್ರ ಮುಂದಿನ ಲೆಕ್ಕಾಚಾರ.

ಬಿ.ಟೆಕ್. ಪದವಿಯನ್ನು ದೂರಶಿಕ್ಷಣದಲ್ಲಿ ಕೊಡುತ್ತೇವೆನ್ನುವವರಿಂದ ದೂರವಿರಿ. ತಾಂತ್ರಿಕ ಶಿಕ್ಷಣವನ್ನು ಅಂಚೆ ಮೂಲಕ ನೀಡುವುದನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಒಪ್ಪಲಿಲ್ಲ. ಕಂಪ್ಯೂಟರ್ ಅನ್ವಯಗಳ ಪದವಿಯಾದ ಬಿ.ಸಿ.ಎ. ಮತ್ತು ಅದೇ ವಿಷಯದ ಸ್ನಾತಕೋತ್ತರ ಪದವಿಯಾದ ಎಂ.ಸಿ.ಎ.ಗಳನ್ನು ದೂರಶಿಕ್ಷಣದಲ್ಲಿ ಓದಬಹುದು. ಆದರೆ ವಿಶ್ವವಿದ್ಯಾಲಯದ ಹೆಸರು ಕೇಳಿ ತೃಪ್ತರಾಗದೆ, ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸಿಗೇ ಮಾನ್ಯತೆ ಇದೆಯೇ ಎಂಬುದನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯು.ಜಿ.ಸಿ.) ದೂರಶಿಕ್ಷಣ ಬ್ಯೂರೋದ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ತಪ್ಪಿಹೋಗಿದ್ದ ಮಾನ್ಯತೆ 2018ರಲ್ಲಿ ಮರಳಿ ದೊರೆಯುವವರೆಗೆ ಅಲ್ಲಿನ ವಿದ್ಯಾರ್ಥಿಗಳು ಪಟ್ಟ ಪಾಡನ್ನು ಬಲ್ಲವರಿಗೆ ಈ ಎಚ್ಚರಿಕೆ ಅತಿಯೆನಿಸಲಾರದು.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಬಿ.ಸಿ.ಎ.ಗೆ ಕನಿಷ್ಠ 3, ಗರಿಷ್ಠ 6 ವರ್ಷಗಳ ಅವಧಿ ನೀಡುತ್ತದೆ, ಎಂ.ಸಿ.ಎ.ಗೆ ಇದು 2 ಮತ್ತು 4 ವರ್ಷ. ಬಿ.ಕಾಂ. ಅಥವಾ ಬಿ.ಎ. ಓದಿದವರು ಇಲ್ಲಿ ಎಂ.ಸಿ.ಎ. ಸೇರಬೇಕಾದರೆ ಪಿ.ಯು.ಸಿ.ಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು, ಜೊತೆಗೆ ಕೆಲವು ಪೂರಕ ವಿಷಯಗಳನ್ನೂ ಮುಗಿಸಬೇಕು. ಪರೀಕ್ಷೆಗಳು ಜೂನ್ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತವೆ. ಅಸೈನ್‌ಮೆಂಟುಗಳನ್ನು ಅದಕ್ಕೆ ಮುಂಚೆಯೇ ಸಲ್ಲಿಸಬೇಕು, ಲ್ಯಾಬ್ ತರಗತಿಗಳಿಗೂ ಹಾಜರಾತಿ ಬೇಕು. ಆದ್ದರಿಂದ ರಜೆಯನ್ನು ಮೊದಲೇ ಉಳಿಸಿಟ್ಟುಕೊಳ್ಳಿ. ಡೇಟಾ ಸ್ಟ್ರಕ್ಚರ್ಸ್ (ಮಾಹಿತಿಯನ್ನು ಜೋಡಿಸಿಡುವ ವಿಧಾನಗಳು) ಮತ್ತು ಡಿಸ್ಕ್ರೀಟ್ ಗಣಿತ (ತರ್ಕ, ಗಣ, ಎಣಿಕೆಗಳ ಗಣಿತ) ಕಷ್ಟವೆಂದು ಕೊನೆಗೆ ತಳ್ಳುವುದು ಬೇಡ, ಮುಂದಿನ ವಿಷಯಗಳೆಲ್ಲ ಇವನ್ನೇ ಆಧರಿಸಿವೆ. ಸಂದರ್ಶನದಲ್ಲಿ ಕೆದಕುವುದೂ ಇವನ್ನೇ.

ಐಐಟಿ ಮದ್ರಾಸ್ 2020ರಲ್ಲಿ ಆರಂಭಿಸಿದ ಡೇಟಾ ಸೈನ್ಸ್ ಪದವಿಗೆ ಜೆಇಇ ಎಂಬ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಬೇಕಿಲ್ಲ, ನಡುವೆ ನಿಲ್ಲಿಸಿದವರಿಗೂ ಹಂತಕ್ಕೆ ತಕ್ಕ ಪ್ರಮಾಣಪತ್ರವೋ ಡಿಪ್ಲೊಮಾವೋ ದೊರೆಯುತ್ತದೆ. ಪಾಠ ಆನ್‌ಲೈನಿನಲ್ಲಾದರೂ ಮುಖ್ಯ ಪರೀಕ್ಷೆಗಳನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು.

ಉದ್ಯೋಗದ ವಿಷಯದಲ್ಲಿ ನಿರೀಕ್ಷೆ ಹದವಾಗಿರಲಿ. ಕ್ಯಾಂಪಸ್ ನೇಮಕಾತಿಯನ್ನು ನಂಬಿ ದೂರಶಿಕ್ಷಣಕ್ಕೆ ಸೇರುವುದು ಸರಿಯಲ್ಲ. ಈಗಿರುವ ಸಂಸ್ಥೆಯಲ್ಲೇ ತಾಂತ್ರಿಕ ವಿಭಾಗಕ್ಕೆ ಬದಲಾಗುವುದು ಹೆಚ್ಚಿನವರಿಗೆ ಹತ್ತಿರದ ದಾರಿ. ಬ್ಯಾಂಕ್ ನೇಮಕಾತಿ ಪರೀಕ್ಷೆಗಳ ಸಂಸ್ಥೆಯಾದ ಐಬಿಪಿಎಸ್ ನಡೆಸುವ ಬ್ಯಾಂಕ್ ಐ.ಟಿ. ಅಧಿಕಾರಿ ಪರೀಕ್ಷೆಗೆ ಎಂ.ಸಿ.ಎ. ಅರ್ಹತೆಯಾಗುತ್ತದೆ, ಬಿ.ಸಿ.ಎ. ಒಂದೇ ಇದ್ದರೆ ಸಾಲದು. ಜೊತೆಗೆ 30ರ ವಯೋಮಿತಿಯಿದೆ, ಮೀಸಲು ವರ್ಗಗಳಿಗೆ ಸಡಿಲಿಕೆಯುಂಟು. ವಯಸ್ಸು 27 ದಾಟಿದವರು ಎಂ.ಸಿ.ಎ.ಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿದರೆ ಈ ಬಾಗಿಲು ಮುಚ್ಚಿಹೋದೀತು.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಪೇಟೆಯಲ್ಲಿ ಸಿಗುವ ಸಿದ್ಧ ಪ್ರತಿಯನ್ನು ಕೊಳ್ಳದೆ, ನಿಮ್ಮ ಕಚೇರಿಯದೇ ಒಂದು ಸಮಸ್ಯೆಯನ್ನು ಮೇಲಧಿಕಾರಿಯ ಲಿಖಿತ ಅನುಮತಿಯೊಂದಿಗೆ ಆರಿಸಿಕೊಳ್ಳಿ. ಗ್ರಾಹಕರ ನಿಜವಾದ ಮಾಹಿತಿಯನ್ನು ವರದಿಯಲ್ಲಿ ಬಳಸಬೇಡಿ. ಏನು ಮಾಡಲಿದ್ದೀರಿ ಎಂಬುದರ ಸಾರಾಂಶಕ್ಕೂ ಮಾರ್ಗದರ್ಶಕರ ಹೆಸರಿಗೂ ವಿಶ್ವವಿದ್ಯಾಲಯದ ಒಪ್ಪಿಗೆ ಸಿಕ್ಕ ಮೇಲೆಯೇ ಕೋಡ್ ಬರೆಯಲು ತೊಡಗಿ.