ಐಬಿಎಂ ಐ: ಮಾಡ್ಯೂಲ್ ತಿದ್ದಿದರೂ ಹಳೇ ಲೆಕ್ಕವೇ ಬರುತ್ತಿದ್ದರೆ

ಐಬಿಎಂ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ ಐಬಿಎಂ ಐ ಮೇಲೆ, ಆರ್‌ಪಿಜಿ ಭಾಷೆಯಲ್ಲಿ ತೆರಿಗೆ ಲೆಕ್ಕದ ಮಾಡ್ಯೂಲ್ (ಪ್ರೋಗ್ರಾಂ ಕಟ್ಟಲು ಬಳಸುವ ಕೋಡ್ ತುಂಡು) ತಿದ್ದಿ ಕಂಪೈಲ್ ಮಾಡಿದ್ದಾಯಿತು, ಎರರ್ ಇಲ್ಲ. ಆದರೂ ಇನ್‌ವಾಯ್ಸ್‌ನಲ್ಲಿ ಹಳೇ ದರ.

ಮತ್ತೆ ಕಂಪೈಲ್ ಮಾಡಿದರೂ, ಸೈನ್ ಆಫ್ ಆಗಿ ಬಂದರೂ, ಲೈಬ್ರರಿ ಲಿಸ್ಟ್ (ಪ್ರೋಗ್ರಾಂ ಹುಡುಕುವ ಜಾಗಗಳ ಪಟ್ಟಿ) ಹಿಂದೆ ಮುಂದೆ ಮಾಡಿದರೂ ಪ್ರಯೋಜನವಾಗಲಿಲ್ಲ. ಲೈಬ್ರರಿ ಲಿಸ್ಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಎಕ್ಸ್‌ಟ್‌ಪಿಜಿಎಂ (EXTPGM, ಬೇರೆ ಪ್ರೋಗ್ರಾಂ ಕರೆಯುವ ಕೀವರ್ಡ್) ಹಾಕಿದ ಡೈನಾಮಿಕ್ ಕಾಲ್ ಆಗಿದ್ದರೆ ಪ್ರೋಗ್ರಾಂ ಅನ್ನು ಓಡುವಾಗಲೇ ಹುಡುಕುತ್ತದೆ; ಇಲ್ಲಿದ್ದದ್ದು ಎಕ್ಸ್‌ಟ್‌ಪ್ರೊಕ್ (EXTPROC, ಮಾಡ್ಯೂಲಿನೊಳಗಿನ ಪ್ರೊಸೀಜರ್ ಕರೆಯುವ ಕೀವರ್ಡ್). ಮಾಡ್ಯೂಲ್‌ಗಳಿಂದ ಪ್ರೋಗ್ರಾಂ ಕಟ್ಟುವ ಸಿಆರ್‌ಟಿಪಿಜಿಎಂ (CRTPGM) ಕಮಾಂಡ್ ಕೊಟ್ಟಾಗಲೇ ಮಾಡ್ಯೂಲಿನ ನಕಲು ಪ್ರೋಗ್ರಾಂ ಒಳಗೆ ಕೂತಿರುತ್ತದೆ.

ಪ್ರೋಗ್ರಾಂ ವಿವರ ತೋರಿಸುವ ಡಿಎಸ್‌ಪಿಪಿಜಿಎಂ (DSPPGM) ಕಮಾಂಡ್‌ನಲ್ಲಿ ಡೀಟೇಲ್‌ಗೆ \*ಮಾಡ್ಯೂಲ್ ಕೊಟ್ಟು ನೋಡಿ. ಅಲ್ಲಿ ಮಾಡ್ಯೂಲ್ ಹುಟ್ಟಿದ ದಿನಾಂಕ ಹಳೆಯದಿದ್ದರೆ ರೋಗ ಅದೇ. ಮದ್ದು, ಪ್ರೋಗ್ರಾಂ ಒಳಗಿನ ಮಾಡ್ಯೂಲ್ ಬದಲಿಸುವ ಯುಪಿಡಿಪಿಜಿಎಂ (UPDPGM) ಕಮಾಂಡ್: ಪಿಜಿಎಂ ಜಾಗದಲ್ಲಿ ಪ್ರೋಗ್ರಾಂ, ಮಾಡ್ಯೂಲ್ ಜಾಗದಲ್ಲಿ ಹೊಸ ಮಾಡ್ಯೂಲ್, ಎರಡಕ್ಕೂ ಲೈಬ್ರರಿ ಹೆಸರು ಸ್ಪಷ್ಟವಾಗಿ. ಪ್ರೋಗ್ರಾಂ ಅನ್ನು ಎಎಲ್‌ಡಬ್ಲ್ಯುಯುಪಿಡಿ (ALWUPD, ಅಪ್‌ಡೇಟ್‌ಗೆ ಅನುಮತಿ) \*ನೋ ಎಂದು ಕಟ್ಟಿದ್ದರೆ ಇದು ಒಪ್ಪುವುದಿಲ್ಲ. ಆಗ ಎಲ್ಲಾ ಮಾಡ್ಯೂಲ್ ಪಟ್ಟಿ ಮಾಡಿ, ಎಂಟ್ರಿ ಮಾಡ್ಯೂಲ್ (ಪ್ರೋಗ್ರಾಂ ಶುರುವಾಗುವ ಮಾಡ್ಯೂಲ್) ಮೊದಲಿಟ್ಟು, ಸಿಆರ್‌ಟಿಪಿಜಿಎಂ ಮತ್ತೆ ಕೊಡಬೇಕು. ಆಮೇಲೆ ಓಡುತ್ತಿರುವ ಬ್ಯಾಚ್ ಜಾಬ್ ನಿಲ್ಲಿಸಿ ಮತ್ತೆ ಶುರು ಮಾಡಿ. ಇಲ್ಲದಿದ್ದರೆ ಅದು ಹಳೇ ನಕಲನ್ನೇ ಹಿಡಿದಿರುತ್ತದೆ.

ಇದೇ ಮಾಡ್ಯೂಲ್ ಇನ್ನೆಷ್ಟು ಪ್ರೋಗ್ರಾಂಗಳಲ್ಲಿ ಅಡಗಿದೆಯೋ? ಕ್ಯೂಸಿಸ್2 ಲೈಬ್ರರಿಯ ಬೌಂಡ್_ಮಾಡ್ಯೂಲ್_ಇನ್ಫೋ ವ್ಯೂ ಮೇಲೆ ಎಸ್‌ಕ್ಯೂಎಲ್ ಓಡಿಸಿದರೆ ಪಟ್ಟಿ ಸಿಗುತ್ತದೆ. ನಾಲ್ಕೈದಕ್ಕಿಂತ ಹೆಚ್ಚಿದ್ದರೆ ಸರ್ವೀಸ್ ಪ್ರೋಗ್ರಾಂ (ನಕಲಾಗದೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಮಾಡಿಬಿಡುವುದೇ ವಾಸಿ.