ಪಿಕಪ್ ಕಮ್ಮಿಯಾಗಿದೆಯಾ? ದುಡ್ಡು ಕೊಡೋ ಮುಂಚೆ ಇದನ್ನು ನೋಡಿ

ಗೆಳೆಯರೇ, ಕಾರಿಗೆ ಪಿಕಪ್ ಇಲ್ಲ ಎಂದು ಸರ್ವೀಸ್ ಸೆಂಟರಿಗೆ ಹೋದರೆ 'ಎಂಜಿನ್ ಡಿಕಾರ್ಬನೈಸಿಂಗ್ (ಎಂಜಿನ್ ಒಳಗೆ ಕಟ್ಟಿದ ಕಾರ್ಬನ್ ಮಸಿ ತೆಗೆಯುವುದು) ಮಾಡಿಸಿ' ಅನ್ನುವುದು ಈಗ ಮಾಮೂಲಾಗಿದೆ. ಒಪ್ಪುವ ಮೊದಲು ಎರಡು ವಿಷಯ ನೀವೇ ನೋಡಿ.

ಒಂದು, ಎಂಜಿನ್‌ಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್. ಬಹಳಷ್ಟು ಕಾರುಗಳಲ್ಲಿ ಡಬ್ಬದ ಕ್ಲಿಪ್ ಬಿಚ್ಚಿದರೆ ಕೈಗೆ ಬರುತ್ತದೆ. ಬೆಳಕಿಗೆ ಹಿಡಿಯಿರಿ. ಮಡಿಕೆಗಳ ನಡುವೆ ಕೆಂಧೂಳು ಮೆತ್ತಿಕೊಂಡು ಬೆಳಕೇ ಕಾಣಿಸದಿದ್ದರೆ ಬದಲಾಯಿಸಿ. ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಫಿಲ್ಟರ್ ಕಟ್ಟಿದರೆ ಮೈಲೇಜಿಗಿಂತ ಪಿಕಪ್‌ಗೇ ಪೆಟ್ಟು ಜಾಸ್ತಿ. ಹಳ್ಳಿಯ ಮಣ್ಣು ರಸ್ತೆಯಲ್ಲಿ ಓಡಾಡುವವರು ಮ್ಯಾನುಯಲ್ ಹೇಳಿದ್ದಕ್ಕಿಂತ ಬೇಗನೇ ನೋಡಬೇಕು.

ಇನ್ನೊಂದು ಟೈರ್ ಗಾಳಿ. ಡ್ರೈವರ್ ಬಾಗಿಲು ತೆಗೆದರೆ ಸಾಮಾನ್ಯವಾಗಿ ಪಕ್ಕದ ಕಂಬದ ಮೇಲೆ ಎಷ್ಟು ಗಾಳಿ ಬೇಕೆಂದು ಬರೆದ ಸ್ಟಿಕ್ಕರ್ ಇರುತ್ತದೆ, ಅಷ್ಟೇ ಹಾಕಿಸಿ. ಟೈರ್ ತಣ್ಣಗಿರುವಾಗ ಅಳತೆ ನೋಡಬೇಕು.

ಆಮೇಲೂ ಸರಿಹೋಗದಿದ್ದರೆ ಮ್ಯಾನುಯಲ್‌ನ ಸರ್ವೀಸ್ ಪಟ್ಟಿ ತೆರೆಯಿರಿ. ಡಿಕಾರ್ಬನೈಸಿಂಗ್ ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. 'ಯಾವ ಪರೀಕ್ಷೆ ಮಾಡಿ ಇದು ಬೇಕು ಅಂದಿರಿ?' ಎಂದು ನೇರವಾಗಿ ಕೇಳಿ. ಬೇಡವಾದ ಕೆಲಸ ಜಾಬ್ ಕಾರ್ಡ್‌ನಲ್ಲಿ (ಮಾಡಬೇಕಾದ ಕೆಲಸಗಳನ್ನು ಅವರು ಬರೆದುಕೊಳ್ಳುವ ಚೀಟಿ) ಇದ್ದರೆ ಹೊಡೆದುಹಾಕಿಸಿ, ಆಮೇಲೆ ಸಹಿ ಹಾಕಿ.