ಮುತ್ತುಗದ ಬಣ್ಣ ಕೊನೆಗೂ ಬಂಡಿ ಏರಿತು

ಬಾಗಲಕೋಟೆಯ ಹೋಳಿಯಲ್ಲಿ ಒಮ್ಮೆಯಾದರೂ ಬಣ್ಣದ ಬ್ಯಾರೆಲ್ ಹೇರಿದ ಬಂಡಿಯ ಮೇಲೆ ನಿಂತು ಬಕೆಟ್ ಎರಚಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ವರ್ಷಗಳಿಂದ ಮುತ್ತುಗದ ಹೂವಿನ ಬಣ್ಣ ಮಾಡುತ್ತೇನೆಂದು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಮೂರು ವರ್ಷ ನಗೆಪಾಟಲಾದೆ. ಈ ಸಲ 200 ಲೀಟರಿನ ಒಂದು ಬ್ಯಾರೆಲ್ ತುಂಬ ನನ್ನದೇ ಬಣ್ಣ. ಹಲಗೆ ಬಾರಿಸುವವರು ಎರಡನೆಯ ತಿರುವು ದಾಟುವ ಮೊದಲೇ ಅದು ತಳ ಕಂಡಿತ್ತು.

ಮೊದಲ ವರ್ಷ ಮದುವೆಯ ಅಡುಗೆಗೆ ಬಳಸುವ ಕಬ್ಬಿಣದ ಕಡಾಯಿಯಲ್ಲಿ ಹೂವನ್ನು ತೊಟ್ಟುಸಮೇತ ಕುದಿಸಿದೆ. ಕೇಸರಿ ಬರಬೇಕಾದಲ್ಲಿ ಗಟಾರದ ಬಣ್ಣ ಬಂತು. ಪಕ್ಕದ ಮನೆಯ ಕಾಕಾ ಬೆರಳು ಅದ್ದಿ ನೋಡಿ, “ತಮ್ಮಾ, ಇದು ಬಣ್ಣವೋ, ಕೆಮ್ಮಿನ ಕಷಾಯವೋ?” ಎಂದರು. ಸೌದೆ, ಆಟೊ ಬಾಡಿಗೆ ಸೇರಿ 1,800 ರೂಪಾಯಿಯಷ್ಟು ಹೋಯಿತು. ತಪ್ಪು ಕಬ್ಬಿಣದ್ದೂ ಹೌದು, ತೊಟ್ಟಿನ ಮೇಲಿನ ಆ ಕಪ್ಪು ಮಖಮಲ್ಲಿನದೂ ಹೌದು.

ಎರಡನೆಯ ವರ್ಷ ಅವ್ವನ ತಾಮ್ರದ ಹಂಡೆ ಬೇಡಿ ತಂದೆ. ಬಣ್ಣ ಚೆನ್ನಾಗಿಯೇ ಬಂತು. ಆದರೆ ಜಂಬಕ್ಕೆ ಎಂಟು ದಿನ ಮೊದಲೇ ಮಾಡಿ ಮುಚ್ಚಿಟ್ಟಿದ್ದೆ. ಕಾಮದಹನದ ಮರುದಿನ ಮುಚ್ಚಳ ತೆರೆದಾಗ ಬಂಡಿಯ ಮೇಲಿದ್ದ ಹುಡುಗರು ಮೂಗು ಹಿಡಿದು ಕೆಳಗೆ ಜಿಗಿದರು. ಅಂಗಡಿಯಿಂದ ತುರ್ತಾಗಿ ತಂದ ಬಣ್ಣದ 3,000 ರೂಪಾಯಿಯನ್ನೂ ನಾನೇ ಕಟ್ಟಿದೆ.

ಮೂರನೆಯ ವರ್ಷದ ತಪ್ಪು ನಗುವಂಥದ್ದಲ್ಲ. ಸುಣ್ಣ ಬಿದ್ದರೆ ಹಳದಿ ಕೇಸರಿಗೆ ತಿರುಗುತ್ತದೆ ಎಂಬ ಹುರುಪಿನಲ್ಲಿ ಕೈ ಜಾರಿತು. ಬಣ್ಣವೇನೋ ಬೆಂಕಿಯಂತಿತ್ತು, ಆದರೆ ಇಬ್ಬರು ಹುಡುಗರಿಗೆ ಕಣ್ಣುರಿ, ಹಲವರಿಗೆ ತುರಿಕೆ. ಹಿರಿಯರಿಂದ ಬೈಸಿಕೊಂಡೆ, ಬೈದದ್ದು ಸರಿಯಾಗಿಯೇ ಇತ್ತು. ಈಗ ಸುಣ್ಣದ ತಿಳಿಯನ್ನು ಮಾತ್ರ ಚಮಚದ ಲೆಕ್ಕದಲ್ಲಿ ಹಾಕುತ್ತೇನೆ. ಮೊದಲು ನನ್ನ ಮೊಣಕೈಗೆ ಹಚ್ಚಿ ಅರ್ಧ ಗಂಟೆ ಕಾಯದೆ ಯಾರಿಗೂ ಮುಟ್ಟಲು ಬಿಡುವುದಿಲ್ಲ.

ಈ ಸಲ ಶಿವರಾತ್ರಿಯ ಮರುದಿನವೇ ಹೊಲದ ಬದುಗಳಿಗೆ ಹೋದೆ. ಉದುರಿದ ಹೂವನ್ನೇ ಆರಿಸಬೇಕು, ಅದೂ ಬೆಳಗಿನ ಹೊತ್ತು. ಬಿಸಿಲೇರಿದರೆ ಬಾಡಿ ಮಣ್ಣು ಅಂಟುತ್ತದೆ. ಓಣಿಯ ಮಕ್ಕಳಿಗೆ ಚೀಲಕ್ಕೆ 20 ರೂಪಾಯಿ ಎಂದೆ. ಹತ್ತು ಹನ್ನೆರಡು ಚೀಲ ಬಂತು, ಒಂದೆರಡರ ತಳದಲ್ಲಿ ಬರೀ ಎಲೆ! ತೊಟ್ಟು ಬಿಡಿಸಲು ಮನೆಯವರೆಲ್ಲ ಮೂರು ಸಂಜೆ ಕುಳಿತೆವು. ಉಗುರಿನ ಸಂದಿಯ ಹಳದಿ ಯುಗಾದಿಯವರೆಗೂ ಹೋಗಲಿಲ್ಲ. ನೆರಳಲ್ಲಿ ಒಣಗಿಸಿದ ಮೇಲೆ ಉಳಿದದ್ದು ಏಳೆಂಟು ಕಿಲೊ. ಅದನ್ನು ಹುಣ್ಣಿಮೆಯ ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಕುದಿ ಬರಿಸದೆ ಸಣ್ಣ ಉರಿಯಲ್ಲಿಟ್ಟು, ಹಳೆಯ ಧೋತರದಲ್ಲಿ ಸೋಸಿದೆ. 40 ಲೀಟರ್ ಗಟ್ಟಿ ರಸ ಸಿಕ್ಕಿತು, ಉಳಿದದ್ದು ನೀರು. ಮರುದಿನದವರೆಗೆ ಹುಳಿಯದಂತೆ ಒಂದು ಪದಾರ್ಥ ಹಾಕಿದ್ದೇನೆ. ಅದು ಅಡುಗೆಮನೆಯಲ್ಲಿಯೇ ಇದೆ, ಇಲ್ಲಿ ಮಾತ್ರ ಬರೆಯುವುದಿಲ್ಲ. ಖರ್ಚು ಒಟ್ಟು 1,200 ದಾಟಿರಲಿಕ್ಕಿಲ್ಲ.

ನಡುವೆ ಗುಲಾಲಿನ ಹುಚ್ಚೂ ಹತ್ತಿತ್ತು. ಬೀಟ್‌ರೂಟ್ ರಸವನ್ನು ಮೆಕ್ಕೆಜೋಳದ ಹಿಟ್ಟಿಗೆ ಕಲಸಿ ಬಿಸಿಲಿಗಿಟ್ಟರೆ ಸಂಜೆಗೆ ಇಟ್ಟಂಗಿ ಪುಡಿಯ ಬಣ್ಣ. ಪಾಲಕ್ ಹಸಿರಿಗೆ ಹಳೆಯ ಮೇವಿನ ವಾಸನೆ. ಅರಿಸಿನದ ಗುಲಾಲು ಗೆದ್ದಿತು ಎಂದುಕೊಂಡರೆ, ಮರುದಿನ ಎದುರು ಮನೆಯ ಅಕ್ಕ ಮಗನ ಬಿಳಿ ಅಂಗಿ ಹಿಡಿದು ಬಾಗಿಲಿಗೆ ಬಂದರು: “ಸೋಪು ಹಚ್ಚಿದೊಡನೆ ರಕ್ತದಂತೆ ಕೆಂಪಾಯಿತು, ಏನು ಹಾಕಿದ್ದೀರಿ?” ಅರಿಸಿನಕ್ಕೆ ಸುಣ್ಣ ಸೇರಿದರೆ ಆಗುವುದೇ ಸೋಪಿಗೂ ಆಗುತ್ತದೆ. ಅವರೆದುರೇ ನಿಂಬೆರಸ ಹಿಂಡಿ ಮತ್ತೆ ಹಳದಿಗೆ ತಂದು ತೋರಿಸಿದೆ. ಅಂಗಿಯ ಕಲೆ ಹಾಗೆಯೇ ಉಳಿಯಿತು, ಅದು ಬೇರೆ ಮಾತು.

ಕಾಕಾ ಈ ಸಲ ಬೆರಳು ಅದ್ದಲಿಲ್ಲ, ತಂಬಿಗೆ ಹಿಡಿದು ಬಂದರು. ಮುಂದಿನ ವರ್ಷ ಎರಡು ಬ್ಯಾರೆಲ್ ಬೇಕಂತೆ. ಹಂಡೆ ಇರುವುದು ಒಂದೇ. ಗುಜರಿಯಲ್ಲಿ ಇನ್ನೊಂದು ನೋಡಿ ಬಂದಿದ್ದೇನೆ. 9,000 ಹೇಳುತ್ತಿದ್ದಾನೆ, ನಾನು 6,000ದ ಮೇಲೆ ಏರಿಲ್ಲ.